ರಂಗದ ಪಾಠ, ಸ್ಟುಡಿಯೊದ ಪಾಠ: ‘ಲೈವ್ ಅಟ್ ಲೀಡ್ಸ್’ ಕೊಳ್ಳತಕ್ಕದ್ದೇ?

ಪಾಶ್ಚಾತ್ಯ ರಾಕ್ ಸಂಗೀತದ ಹಳೆಯ ತಂಡಗಳು ಎರಡು ಬಗೆಯ ಆಲ್ಬಂಗಳನ್ನು ಹೊರತಂದಿವೆ. ಸ್ಟುಡಿಯೊದಲ್ಲಿ ದಿನಗಟ್ಟಲೆ ಕುಳಿತು ತಿದ್ದಿ ತೀಡಿ ಸಿದ್ಧಪಡಿಸಿದ್ದು ಒಂದು ಬಗೆ; ಶ್ರೋತೃಗಳ ಎದುರಿನಲ್ಲಿ ಹಾಡಿ ನುಡಿಸಿದ್ದನ್ನು ಮುದ್ರಿಸಿಕೊಂಡದ್ದು ಇನ್ನೊಂದು ಬಗೆ. ಈ ಎರಡನೆಯದಕ್ಕೆ ಲೈವ್ ಆಲ್ಬಂ ಎಂಬ ಹೆಸರು ರೂಢಿಯಲ್ಲಿದೆ. ಒಂದೇ ಹಾಡು ಎರಡರಲ್ಲಿಯೂ ಇರುವುದುಂಟು. ಆದುದರಿಂದ ಮೊದಲನೆಯದು ಕೈಯಲ್ಲಿರುವಾಗ ಎರಡನೆಯದಕ್ಕೆ ಮತ್ತೆ ಹಣ ತೆರಬೇಕೆ ಎಂಬ ಪ್ರಶ್ನೆ ಮಿತವಾದ ಹಣವುಳ್ಳ ವಿದ್ಯಾರ್ಥಿಗೆ ಸಹಜವಾಗಿಯೇ ಎದುರಾಗುತ್ತದೆ.

ಮೇಲ್ನೋಟಕ್ಕೆ ಇದು ಅಂಗಡಿಯ ಪ್ರಶ್ನೆ. ಒಳಹೊಕ್ಕು ನೋಡಿದರೆ ಇದು ಪಾಠದ ಪ್ರಶ್ನೆಯೂ ಹೌದು. ಯಾವ ಪ್ರತಿ ಮೂಲಕ್ಕೆ ಹತ್ತಿರ, ಯಾವುದು ಅನಂತರ ಸೇರಿದ್ದು, ಯಾವುದನ್ನು ಯಾರು ಕೈಬಿಟ್ಟರು ಎಂದು ಗ್ರಂಥಸಂಪಾದನೆಯ ತರಗತಿಯಲ್ಲಿ ಕೇಳುವ ಪ್ರಶ್ನೆಗಳನ್ನೇ ಇಲ್ಲಿಯೂ ಕೇಳಬೇಕಾಗುತ್ತದೆ. ಇಂಗ್ಲೆಂಡಿನ ‘ದಿ ಹೂ’ ತಂಡದ ‘ಲೈವ್ ಅಟ್ ಲೀಡ್ಸ್’ ಈ ವಿಚಾರಕ್ಕೆ ತಕ್ಕ ಉದಾಹರಣೆ.

ಮುದ್ರಣದ ಹಿನ್ನೆಲೆ

ಗಾಯಕ ರಾಜರ್ ಡಾಲ್ಟ್ರಿ, ಗಿಟಾರ್ ವಾದಕ ಪೀಟ್ ಟೌನ್‌ಶೆಂಡ್, ಬಾಸ್ ಗಿಟಾರ್ ವಾದಕ ಜಾನ್ ಎಂಟ್‌ವಿಸಲ್, ಡ್ರಮ್ ವಾದಕ ಕೀತ್ ಮೂನ್ ಈ ನಾಲ್ವರ ತಂಡ 1969ರಲ್ಲಿ ‘ಟಾಮಿ’ ಎಂಬ ಕಥನರೂಪದ ಆಲ್ಬಂ ಹೊರತಂದು ಪ್ರಸಿದ್ಧಿಯ ಶಿಖರವನ್ನೇರಿತ್ತು. ಆ ವರ್ಷದ ಪ್ರವಾಸದ ಅನೇಕ ಪ್ರದರ್ಶನಗಳನ್ನು ತಂಡ ಮುದ್ರಿಸಿಕೊಂಡಿತ್ತು. ಅಷ್ಟೊಂದು ಸುರುಳಿಗಳನ್ನು ಕೇಳಿ ಆರಿಸುವುದು ಆಗದ ಮಾತೆಂದು ಬಗೆದು, ಅವನ್ನು ಸುಟ್ಟುಬಿಡುವಂತೆ ತಂಡದ ಧ್ವನಿತಂತ್ರಜ್ಞರಿಗೆ ತಾನೇ ಹೇಳಿದುದಾಗಿ ಟೌನ್‌ಶೆಂಡ್ ಮುಂದೆ ತಿಳಿಸಿದ್ದಾರೆ. ಬಳಿಕ ಮುದ್ರಣಕ್ಕೆಂದೇ ಎರಡು ಪ್ರದರ್ಶನಗಳನ್ನು ಗೊತ್ತುಮಾಡಲಾಯಿತು: 1970ರ ಫೆಬ್ರವರಿ 14ರಂದು ಲೀಡ್ಸ್ ವಿಶ್ವವಿದ್ಯಾಲಯದಲ್ಲಿ, ಮರುದಿನ ಹಲ್ ನಗರದ ಸಭಾಭವನದಲ್ಲಿ. ಲೀಡ್ಸ್‌ನ ಪ್ರದರ್ಶನ ನಡೆದದ್ದು ಯಾವ ವೈಭವದ ರಂಗಮಂದಿರದಲ್ಲಿಯೂ ಅಲ್ಲ, ವಿದ್ಯಾರ್ಥಿಗಳ ಭೋಜನಶಾಲೆಯಲ್ಲಿ.

ಹಲ್‌ನ ಪ್ರದರ್ಶನದ ಮೊದಲ ಕೆಲವು ಹಾಡುಗಳಲ್ಲಿ ಬಾಸ್ ಗಿಟಾರಿನ ಧ್ವನಿ ಮುದ್ರಣಗೊಂಡಿರಲಿಲ್ಲ. ಆದುದರಿಂದ ಲೀಡ್ಸ್‌ನ ಮುದ್ರಣವೇ ಅದೇ ವರ್ಷದ ಮೇ ತಿಂಗಳಲ್ಲಿ ಆಲ್ಬಂ ಆಯಿತು. ಅದರ ಹೊದಿಕೆ ಚಿತ್ರವಿಲ್ಲದ ಕಂದು ಕಾಗದ. ಹೆಸರು ಮೊಹರು ಹಾಕಿದಂತಿತ್ತು. ಕಳ್ಳಮಾರಾಟದ ಮುದ್ರಿಕೆಗಳ ವೇಷವನ್ನು ತಂಡ ಬೇಕೆಂದೇ ತೊಟ್ಟಿತ್ತು.

ಹಾಡು ಬದಲಾಗಿದೆಯೇ?

ಕೊಳ್ಳುವವರು ಕೇಳಬೇಕಾದ ಮೊದಲ ಪ್ರಶ್ನೆಯಿದು. ಸ್ಟುಡಿಯೊದ ಹಾಡನ್ನೇ ಯಥಾವತ್ತಾಗಿ ನುಡಿಸಿ, ನಡುನಡುವೆ ಚಪ್ಪಾಳೆಯನ್ನಷ್ಟೇ ಸೇರಿಸಿದ ಲೈವ್ ಆಲ್ಬಂ ಪುನರುಕ್ತಿಯಲ್ಲದೆ ಬೇರೆಯಲ್ಲ. ಲೀಡ್ಸ್‌ನ ಮುದ್ರಣ ಹಾಗಿಲ್ಲ. 1965ರ ‘ಮೈ ಜನರೇಷನ್’ ಸ್ಟುಡಿಯೊದಲ್ಲಿ ಮೂರು ನಿಮಿಷ ಚಿಲ್ಲರೆಯ ಹಾಡು. ಲೀಡ್ಸ್‌ನಲ್ಲಿ ಅದು ಸುಮಾರು ಹದಿನೈದು ನಿಮಿಷಗಳ ವಿಸ್ತಾರವನ್ನು ಪಡೆಯುತ್ತದೆ. ‘ಟಾಮಿ’ಯ ತುಣುಕುಗಳು ಅದರೊಳಗೆ ಬಂದು ಹೋಗುತ್ತವೆ. ಮೂಲ ಆಲ್ಬಂನ ಆರು ಹಾಡುಗಳಲ್ಲಿ ಮೂರು ಅನ್ಯರ ರಚನೆಗಳು. ಅವುಗಳಲ್ಲೊಂದಾದ ‘ಯಂಗ್ ಮ್ಯಾನ್ ಬ್ಲೂಸ್’ ಜಾಝ್ ಕಲಾವಿದ ಮೋಸ್ ಆಲಿಸನ್ 1957ರಲ್ಲಿ ಮೆಲುದನಿಯಲ್ಲಿ ಹಾಡಿದ್ದ, ಎರಡು ನಿಮಿಷವೂ ಇಲ್ಲದ ಪುಟ್ಟ ಹಾಡು. ದಿ ಹೂ ತಂಡ ಅದರ ಸಾಲು ಸಾಲಿನ ನಡುವೆ ಮೌನವನ್ನೂ ಸಿಡಿಲನ್ನೂ ತುಂಬಿ ಐದು ನಿಮಿಷಗಳ ಆಸುಪಾಸಿಗೆ ಬೆಳೆಸಿತು.

ಯಕ್ಷಗಾನವನ್ನು ಬಲ್ಲ ಕಾಸರಗೋಡಿನ ವಿದ್ಯಾರ್ಥಿಗಳಿಗೆ ಇದು ಹೊಸತಾಗಿ ತೋರದು. ಪ್ರಸಂಗದ ಪುಸ್ತಕದಲ್ಲಿ ಇರುವುದು ಮುಖ್ಯವಾಗಿ ಪದ್ಯ. ಅರ್ಥ ಹುಟ್ಟುವುದು ರಂಗದಲ್ಲಿ. ಪುಸ್ತಕವನ್ನು ಓದಿದವರು ತಾಳಮದ್ದಳೆಯನ್ನು ಕೇಳಬೇಕಾಗಿಲ್ಲ ಎಂದು ಯಾರೂ ಹೇಳುವುದಿಲ್ಲ. ಹಾಗೆಂದು ಎರಡೂ ಕಲೆಗಳ ಕ್ರಮ ಒಂದೇ ಎಂದಲ್ಲ. ಬರೆದಿಟ್ಟದ್ದಕ್ಕೂ ಆಡಿ ತೋರಿದ್ದಕ್ಕೂ ಇರುವ ಅಂತರವೇ ಎರಡರಲ್ಲಿಯೂ ರಸದ ಸ್ಥಾನ ಎಂಬಷ್ಟು ಸಾಮ್ಯ ಮಾತ್ರ ಇಲ್ಲಿ ಪ್ರಸ್ತುತ.

ಇನ್ನೊಂದು ಅಂಶವನ್ನು ಕಿವಿಗೊಟ್ಟು ಗಮನಿಸಬೇಕು. ಸ್ಟುಡಿಯೊದಲ್ಲಿ ಒಬ್ಬನೇ ವಾದಕ ಒಂದರ ಮೇಲೊಂದು ಪದರವಾಗಿ ಹಲವು ವಾದ್ಯಗಳನ್ನು ನುಡಿಸಬಹುದು. ರಂಗದ ಮೇಲೆ ಈ ತಂಡಕ್ಕಿದ್ದದ್ದು ಮೂರೇ ವಾದ್ಯ. ಗಿಟಾರ್ ಸುಮ್ಮನಾದ ಕಡೆ ಬಾಸ್ ಮುಂದೆ ಬಂದು ರಾಗದ ಹೊಣೆಯನ್ನು ಹೊರುತ್ತದೆ. ಡ್ರಮ್ ಬರಿಯ ಲೆಕ್ಕವಿಡದೆ ಹಾಡುಗಾರನೊಡನೆ ಸಂವಾದಕ್ಕಿಳಿಯುತ್ತದೆ. ಗಿಟಾರ್ ಒಂದು ಕಿವಿಗೆ, ಬಾಸ್ ಇನ್ನೊಂದು ಕಿವಿಗೆ ಬೀಳುವಂತೆ ಧ್ವನಿಯನ್ನು ಹಂಚಿರುವುದರಿಂದ, ಹೆಡ್‌ಫೋನ್ ಹಾಕಿಕೊಂಡು ಕೇಳಿದವರಿಗೆ ಈ ಕೊಡುಕೊಳೆ ಸ್ಪಷ್ಟವಾಗುತ್ತದೆ.

ಎಷ್ಟರಮಟ್ಟಿಗೆ ನೇರ?

ಲೈವ್ ಎಂಬ ಹೆಸರನ್ನು ಹಾಗೆಯೇ ನಂಬುವಂತಿಲ್ಲ. ಪ್ರದರ್ಶನದ ಮುದ್ರಣದಲ್ಲಿ ತಪ್ಪಿದ ಸ್ವರವನ್ನು ಆಮೇಲೆ ಸ್ಟುಡಿಯೊದಲ್ಲಿ ಮತ್ತೆ ಹಾಡಿ ಸೇರಿಸುವುದು ಆ ಕಾಲದಲ್ಲಿ ಅಪರೂಪವಾಗಿರಲಿಲ್ಲ. ಥಿನ್ ಲಿಝಿ ತಂಡದ 1978ರ ‘ಲೈವ್ ಅಂಡ್ ಡೇಂಜರಸ್’ ಆಲ್ಬಂನ ಬಹುಭಾಗ ಸ್ಟುಡಿಯೊದಲ್ಲಿ ಮರುಮುದ್ರಣಗೊಂಡಿತು ಎಂದು ಅದರ ನಿರ್ಮಾಪಕ ಟೋನಿ ವಿಸ್ಕಾಂಟಿ ಹೇಳಿದರೆ, ತಂಡದವರು ಅದನ್ನು ಅಲ್ಲಗಳೆದರು. ಪ್ರಕ್ಷೇಪದ ವಿವಾದ ಹಳಗನ್ನಡ ಕಾವ್ಯಗಳಿಗೆ ಮಾತ್ರ ಮೀಸಲಲ್ಲವೆಂಬುದಕ್ಕೆ ಇದೊಂದು ನಿದರ್ಶನ.

‘ಲೈವ್ ಅಟ್ ಲೀಡ್ಸ್’ ಕೂಡ ಪೂರ್ತಿಯಾಗಿ ಕೈ ಮುಟ್ಟದ ಪ್ರತಿಯಲ್ಲ. ಹಿಮ್ಮೇಳದ ಕೆಲವು ಗಾಯನಭಾಗಗಳು ಸರಿಯಾಗಿ ಮುದ್ರಣಗೊಳ್ಳದ ಕಾರಣ ಟೌನ್‌ಶೆಂಡ್ ಮತ್ತು ಎಂಟ್‌ವಿಸಲ್ ಅವನ್ನು ಸ್ಟುಡಿಯೊದಲ್ಲಿ ಮತ್ತೆ ಹಾಡಿ ಸೇರಿಸಿದರು. ಆದರೆ ಹಾಡುಗಳ ಶರೀರವಾದ ಗಿಟಾರ್, ಬಾಸ್, ಡ್ರಮ್, ಡಾಲ್ಟ್ರಿಯ ಕಂಠ ಇವು ಆ ರಾತ್ರಿಯವೇ. ಮುದ್ರಣದ ದೋಷದಿಂದ ಸುರುಳಿಯಲ್ಲಿ ಚಟಪಟ ಸದ್ದು ಉಳಿದಿತ್ತು. ಅದು ಧ್ವನಿತಟ್ಟೆಯ ಕೊರತೆಯಲ್ಲ, ತಿದ್ದಬೇಕಾಗಿಲ್ಲ ಎಂಬರ್ಥದ ಸೂಚನೆಯನ್ನು 1970ರ ತಟ್ಟೆಯ ಮೇಲೆಯೇ ಅಚ್ಚುಹಾಕಲಾಗಿತ್ತು. ದೋಷವನ್ನು ಮರೆಮಾಚದೆ ಓದುಗರ ಮುಂದಿಡುವ ಸಂಪಾದಕನ ಪ್ರಾಮಾಣಿಕತೆ ಇದರಲ್ಲಿ ಕಾಣುತ್ತದೆ.

ಯಾವ ಆವೃತ್ತಿ?

ಹಣದ ಮಟ್ಟಿಗೆ ನಿರ್ಣಾಯಕವಾದುದು ಈ ಪ್ರಶ್ನೆ. ಒಂದೇ ಹೆಸರಿನಡಿ ಹಲವು ಭಿನ್ನ ಪಾಠಗಳು ಪ್ರಚಾರದಲ್ಲಿವೆ.

1970ರ ಮೂಲ ಆವೃತ್ತಿ: ಆರು ಹಾಡು, ಸುಮಾರು 38 ನಿಮಿಷ. ಹಾಡುಗಳ ಅನುಕ್ರಮ ಆ ರಾತ್ರಿಯದೇ, ಆದರೆ ಹಾಡುಗಳನ್ನು ತಟ್ಟೆಯ ಎರಡು ಮುಖಗಳಿಗೆ ಹೊಂದುವಂತೆ ಆರಿಸಿದ್ದು. ಬಿಗಿಯಾದ ಸಂಗ್ರಹಕಾವ್ಯದಂತೆ ಇದರ ಗುಣ.

1995ರ ಸಿ.ಡಿ. ಆವೃತ್ತಿ: ಹದಿನಾಲ್ಕು ಹಾಡು, ಸುಮಾರು 77 ನಿಮಿಷ. ಧ್ವನಿಯನ್ನು ಹೊಸದಾಗಿ ಮಿಶ್ರಣ ಮಾಡಿ, ಚಟಪಟ ಸದ್ದನ್ನು ಗಣಕಯಂತ್ರದ ನೆರವಿನಿಂದ ನಿವಾರಿಸಲಾಗಿದೆ. ಪ್ರದರ್ಶನ ಆರಂಭವಾದ ‘ಹೆವೆನ್ ಅಂಡ್ ಹೆಲ್’ ಹಾಡಿನಿಂದಲೇ ಇದು ತೊಡಗುತ್ತದೆ.

2001ರ ಎರಡು ಸಿ.ಡಿ.ಗಳ ಆವೃತ್ತಿ: ಅಂದು ಹಾಡಿದ ‘ಟಾಮಿ’ ಇಲ್ಲಿ ಸೇರಿತು. ಆದರೆ ರಂಗದ ಮೇಲೆ ನಡುವೆ ಬಂದ ‘ಟಾಮಿ’ಯನ್ನು ಪ್ರತ್ಯೇಕಿಸಿ ಎರಡನೆಯ ಸಿ.ಡಿ.ಗೆ ಸರಿಸಲಾಗಿದೆ. ಸಾಮಗ್ರಿ ಹೆಚ್ಚಿತು, ಅನುಕ್ರಮ ಕದಡಿತು.

2010ರ ನಲವತ್ತನೆಯ ವರ್ಷದ ಆವೃತ್ತಿ: ಹಲ್‌ನ ಪ್ರದರ್ಶನವೂ ಇದರಲ್ಲಿದೆ. ಅಲ್ಲಿ ಕಾಣೆಯಾಗಿದ್ದ ಬಾಸ್ ಧ್ವನಿಯನ್ನು ಲೀಡ್ಸ್‌ನ ಮುದ್ರಣದಿಂದ ತೆಗೆದು ಹೊಂದಿಸಲಾಗಿದೆ. ತ್ರುಟಿತವಾದ ಓಲೆಯ ಸಾಲನ್ನು ಇನ್ನೊಂದು ಪ್ರತಿಯಿಂದ ತುಂಬುವ ಕ್ರಮವೇ ಇದು. ತುಂಬಿದ್ದೆಂದು ತಿಳಿದಿದ್ದರೆ ದೋಷವಿಲ್ಲ.

ನಿರ್ಣಯ

ದಿ ಹೂ ತಂಡದ ಪರಿಚಯವೇ ಇಲ್ಲದವರು ಮೊದಲು 1970ರ ಆರು ಹಾಡುಗಳನ್ನು ಅಂತರಜಾಲದಲ್ಲಿ ಕೇಳಿ ನೋಡುವುದು ಲೇಸು. ಅಬ್ಬರವೇ ಹಿತವಾಗದಿದ್ದಲ್ಲಿ ಹಣ ಉಳಿಯುತ್ತದೆ. ಸ್ಟುಡಿಯೊ ಆಲ್ಬಂಗಳನ್ನು ಕೇಳಿ ಮೆಚ್ಚಿದವರಿಗೆ 1995ರ ಒಂದು ಸಿ.ಡಿ.ಯ ಆವೃತ್ತಿ ಕೊಟ್ಟ ಬೆಲೆಗೆ ತಕ್ಕ ಫಲ ನೀಡುತ್ತದೆ. ‘ಟಾಮಿ’ಯ ಸ್ಟುಡಿಯೊ ಪಾಠವನ್ನೂ ರಂಗದ ಪಾಠವನ್ನೂ ಹೋಲಿಸಬಯಸುವವರಿಗೆ 2001ರ ಆವೃತ್ತಿ ಅಗತ್ಯ. 2010ರದ್ದು ಸಂಶೋಧಕರಿಗೂ ಸಂಗ್ರಾಹಕರಿಗೂ ಸಲ್ಲುವಂಥದು; ಸಾಮಾನ್ಯ ಶ್ರೋತೃ ಅದಕ್ಕಾಗಿ ಸಾಲ ಮಾಡಬೇಕಾಗಿಲ್ಲ. ಹಳೆಯ ಧ್ವನಿತಟ್ಟೆಯನ್ನೇ ಕೊಳ್ಳುವವರು, ಅದರೊಂದಿಗೆ ಬಂದಿದ್ದ ಒಪ್ಪಂದಪತ್ರ, ಚಿತ್ರ ಮೊದಲಾದ ಹನ್ನೆರಡು ಬಿಡಿಹಾಳೆಗಳು ಉಳಿದಿವೆಯೇ ಎಂದು ಎಣಿಸಿ ನೋಡತಕ್ಕದ್ದು.

ಬೇರಾವ ತಂಡದ ಲೈವ್ ಆಲ್ಬಂ ಎದುರಾದರೂ ಇದೇ ಮೂರು ಪ್ರಶ್ನೆಗಳು ಸಾಕು: ಹಾಡು ಬೆಳೆದಿದೆಯೇ, ಮುದ್ರಣದಲ್ಲಿ ಆ ರಾತ್ರಿಯದೆಷ್ಟು ಆಮೇಲಿನದೆಷ್ಟು, ಕೈಗೆ ಬಂದಿರುವ ಆವೃತ್ತಿ ಯಾವುದು. ಮೊದಲನೆಯದಕ್ಕೆ ಇಲ್ಲವೆಂಬ ಉತ್ತರ ಬಂದಲ್ಲಿ ಉಳಿದೆರಡನ್ನು ಕೇಳುವ ಶ್ರಮವೇ ಬೇಡ. ಹೌದೆಂಬ ಉತ್ತರ ಬಂದಲ್ಲಿ ಹೊದಿಕೆಯ ಹಿಂಬದಿಯ ಸಣ್ಣಕ್ಷರಗಳನ್ನು ಓದಿದ ಬಳಿಕವೇ ಹಣ ಕೊಡುವುದು ವಿವೇಕ.