ಮೂತ್ರದ ತೊಂದರೆಗೆ ಯಾರ ಹತ್ತಿರ ಹೋಗಬೇಕು?

ಎತ್ತು ಬೆಳಗಿನಿಂದ ಉಚ್ಚೆ ಹೊಯ್ದಿಲ್ಲ ಎಂದರೆ ಮಧ್ಯಾಹ್ನದೊಳಗೆ ನಮಗೆ ಫೋನ್ ಬರುತ್ತದೆ. ಎತ್ತಿನ ಮೂತ್ರನಾಳ ಸಣ್ಣದು, ನಡುವೆ ಬಾಗೂ ಇದೆ. ಕಲ್ಲು ಅಲ್ಲೇ ಸಿಕ್ಕಿಕೊಂಡು ತಡವಾದರೆ ಮೂತ್ರಕೋಶ ಒಡೆಯುತ್ತದೆ ಎಂಬುದು ನಿಮಗೆ ಗೊತ್ತು. ಆದರೆ ಅದೇ ಮನೆಯ ಅಕ್ಕಂದಿರು ತಮ್ಮ ಉರಿಮೂತ್ರವನ್ನು ತಿಂಗಳುಗಟ್ಟಲೆ ನುಂಗಿಕೊಂಡಿರುತ್ತಾರೆ. ಆಕಳು ನೋಡಿ ಮುಗಿಸಿ ಕೈ ತೊಳೆಯುವಾಗ ಮೆಲ್ಲಗೆ ಕೇಳುತ್ತಾರೆ: "ಮೇಡಂ, ಇದಕ್ಕ ಯಾರ ಹತ್ರ ತೋರಿಸಬೇಕ್ರಿ?" ನಾನು ದನದ ಡಾಕ್ಟರ್, ಮನುಷ್ಯರಿಗೆ ಔಷಧ ಬರೆಯುವಂತಿಲ್ಲ. ಎಲ್ಲಿಗೆ ಹೋಗಬೇಕು, ಏನು ಕೇಳಬೇಕು ಎಂಬುದನ್ನು ಮಾತ್ರ ಹೇಳುತ್ತೇನೆ.

ಮೂತ್ರದ ಎಲ್ಲ ತೊಂದರೆಗೂ ಯುರಾಲಜಿಸ್ಟ್ ಬೇಕಿಲ್ಲ. ಉರಿ, ಪದೇ ಪದೇ ಹೋಗಬೇಕೆನಿಸುವುದು ಹೆಚ್ಚಾಗಿ ಸೋಂಕಿನಿಂದ. ನಸುಕಿನಲ್ಲೆದ್ದು ಸಗಣಿ ಬಾಚಿ, ಹಾಲು ಹಿಂಡಿ, ಡೇರಿಗೆ ಹಾಕಿ ಬರುವವರೆಗೆ ನೀರು ಕುಡಿಯದೆ, ಮೂತ್ರ ಕಟ್ಟಿಕೊಂಡು ಇರುವುದು ಇದಕ್ಕೆ ದಾರಿ ಮಾಡುತ್ತದೆ. ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು, ಯಾವ ತಾಲೂಕಿನವರಾದರೂ ಮೊದಲು ತಾಲೂಕು ಆಸ್ಪತ್ರೆಗೆ ಹೋಗಿ ಮೂತ್ರ ಪರೀಕ್ಷೆ ಮಾಡಿಸಿ. ಔಷಧ ಅಂಗಡಿಯಿಂದ ನಾಲ್ಕು ಗುಳಿಗೆ ತಂದು ನುಂಗಿ ಹೋದರೆ ಕಲ್ಚರ್ ಪರೀಕ್ಷೆಯಲ್ಲಿ ರೋಗಾಣು ಸಿಗದೇ ಹೋಗಬಹುದು. ಕೆಚ್ಚಲು ಬಾವು ಬಂದಾಗ ಹಾಲಿನ ಮಾದರಿ ಮೊದಲು, ಇಂಜೆಕ್ಷನ್ ಆಮೇಲೆ ಎಂದು ನಾವು ಹಟ ಹಿಡಿಯುವುದೂ ಇದೇ ಕಾರಣಕ್ಕೆ.

ಹುಲ್ಲಿನ ಹೊರೆ ಎತ್ತಿದಾಗ, ಕೆಮ್ಮಿದಾಗ ಮೂತ್ರ ಸೋರುವುದು, ಗರ್ಭಕೋಶ ಜಾರಿದಂತಾಗುವುದು ಇದ್ದರೆ ಮೊದಲು ಸ್ತ್ರೀರೋಗ ತಜ್ಞರನ್ನು ಕಾಣಿ. ಹೆತ್ತವರಿಗೆಲ್ಲ ಇದು ಇದ್ದದ್ದೇ ಎಂದು ಸುಮ್ಮನಿರಬೇಡಿ. ಎಷ್ಟೋ ಜನರಿಗೆ ವ್ಯಾಯಾಮದಿಂದಲೇ ಕಡಿಮೆಯಾಗುತ್ತದೆ. ಕಿಡ್ನಿಯ ಕೆಲಸವೇ ಕುಂದಿದೆ, ಡಯಾಲಿಸಿಸ್ ಬೇಕಾಗಬಹುದು ಎಂದಿದ್ದರೆ ನೋಡಬೇಕಾದವರು ನೆಫ್ರಾಲಜಿಸ್ಟ್. ಕಲ್ಲು, ಮೂತ್ರನಾಳ ಕಟ್ಟುವುದು, ಮತ್ತೆ ಮತ್ತೆ ಮರಳುವ ಸೋಂಕು, ಮನೆಯ ಹಿರಿಯರ ಪ್ರಾಸ್ಟೇಟ್, ಇವು ಯುರಾಲಜಿಸ್ಟ್ ಕೆಲಸ. ಮೂತ್ರದಲ್ಲಿ ನೋವಿಲ್ಲದೆ ರಕ್ತ ಒಮ್ಮೆ ಕಂಡು ನಿಂತುಹೋದರೂ ಬಿಡದೆ ತೋರಿಸಿ, ಅದು ಕ್ಯಾನ್ಸರಿನ ಮೊದಲ ಗುರುತೂ ಆಗಿರಬಹುದು. ಕಲ್ಲಿನ ನೋವಿನ ಜೊತೆ ಚಳಿಜ್ವರ ಬಂದರೆ, ಮೂತ್ರವೇ ನಿಂತರೆ, ತಜ್ಞರನ್ನು ಹುಡುಕುತ್ತ ಕೂರದೆ 108ಕ್ಕೆ ಫೋನ್ ಮಾಡಿ.

ಯುರಾಲಜಿಸ್ಟ್ ಬೇಕೆಂದಾದರೆ ಶಿಗ್ಗಾಂವಿ, ಸವಣೂರು, ಹಾನಗಲ್ ಕಡೆಯವರಿಗೆ ಹುಬ್ಬಳ್ಳಿಯ ಕೆಎಂಸಿಆರ್‌ಐ (ಹಿಂದಿನ ಕಿಮ್ಸ್), ಧಾರವಾಡದ ಎಸ್‌ಡಿಎಂ ಅನುಕೂಲ. ಹಿರೇಕೆರೂರಿನವರಿಗೆ ದಾವಣಗೆರೆ, ಶಿವಮೊಗ್ಗ ಹತ್ತಿರ. ಹೊರಡುವ ಮೊದಲು ಫೋನ್ ಮಾಡಿ ಯುರಾಲಜಿ ಹೊರರೋಗಿ ವಿಭಾಗ ಯಾವ ವಾರ ಇರುತ್ತದೆ ಎಂದು ಕೇಳಿ. ಸಂಜೆ ಹಾಲು ಯಾರು ಹಿಂಡುತ್ತಾರೆ ಎಂದು ಗೊತ್ತು ಮಾಡಿಕೊಂಡೇ ನೀವು ಮನೆ ಬಿಡಬೇಕು. ಆ ದಿನ ಸುಮ್ಮನೆ ಹಾಳಾಗಬಾರದು.

ಬೋರ್ಡಿನಲ್ಲಿ "ಕಿಡ್ನಿ ಸ್ಟೋನ್ ಸ್ಪೆಷಲಿಸ್ಟ್" ಎಂದಿದ್ದರೆ ಸಾಲದು. ಎಂಬಿಬಿಎಸ್ ನಂತರ ಶಸ್ತ್ರಚಿಕಿತ್ಸೆಯಲ್ಲಿ ಎಂಎಸ್, ಅದರ ಮೇಲೆ ಯುರಾಲಜಿಯಲ್ಲಿ ಎಂಸಿಎಚ್ ಅಥವಾ ಡಿಎನ್‌ಬಿ ಓದಿರಬೇಕು. ವೈದ್ಯಕೀಯ ಪರಿಷತ್ತಿನ ನೋಂದಣಿ ಸಂಖ್ಯೆ ಚೀಟಿಯ ಮೇಲೆ ಇರಬೇಕು. ಪದವಿಗಿಂತಲೂ ನಾನು ಹೆಚ್ಚು ತೂಕ ಕೊಡುವ ಪ್ರಶ್ನೆ ಒಂದಿದೆ. ಸಣ್ಣ ಊರಿನ ನರ್ಸಿಂಗ್ ಹೋಮಿಗೆ ತಜ್ಞರು ವಾರಕ್ಕೊಮ್ಮೆ ಬಂದು ಹೋಗುವುದುಂಟು. ಆಪರೇಷನ್ ಆದ ರಾತ್ರಿ ಜ್ವರ ಬಂದರೆ ನೋಡುವವರು ಯಾರು? ಇದಕ್ಕೆ ನೇರ ಉತ್ತರ ಸಿಗದಿದ್ದರೆ ಮುಂದಿನ ಬಸ್ಸಿಗೆ ದೊಡ್ಡ ಊರಿಗೆ ಹೋಗುವುದೇ ವಾಸಿ.

ಕಲ್ಲಿದ್ದರೆ ಎಷ್ಟು ಮಿಲಿಮೀಟರ್, ಎಲ್ಲಿದೆ ಎಂದು ಕೇಳಿ. 5 ಮಿಲಿಮೀಟರಿಗಿಂತ ಸಣ್ಣವು ಬಹುಪಾಲು ತಾವಾಗಿಯೇ ಹೋಗುತ್ತವೆ. ಸೋಂಕು, ತಡೆಯಲಾಗದ ನೋವು, ನಾಳ ಕಟ್ಟಿರುವುದು ಯಾವುದೂ ಇಲ್ಲದೆ ಅಂಥ ಕಲ್ಲಿಗೆ ಇಂದೇ ಆಪರೇಷನ್ ಎಂದರೆ ಇನ್ನೊಬ್ಬ ತಜ್ಞರಿಗೆ ಸ್ಕ್ಯಾನ್ ತೋರಿಸಿ, ಯಾರೂ ತಪ್ಪು ತಿಳಿಯುವುದಿಲ್ಲ. ಆಪರೇಷನ್ ಆಗಿ ಒಳಗೆ ಸ್ಟೆಂಟ್ ಇಟ್ಟರೆ ಅದನ್ನು ಯಾವ ದಿನ ತೆಗೆಯಬೇಕೆಂದು ಬರೆಸಿಕೊಂಡು, ಕರು ಹಾಕುವ ದಿನ ಗುರುತು ಮಾಡುವ ಕ್ಯಾಲೆಂಡರಿನಲ್ಲೇ ಗುರುತು ಹಾಕಿ. ನೋವು ಹೋಯಿತೆಂದು ಮರೆತರೆ ಸ್ಟೆಂಟಿನ ಮೇಲೇ ಹೊಸ ಕಲ್ಲು ಕಟ್ಟುತ್ತದೆ.

ಖರ್ಚಿನ ವಿಷಯ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ; ತುರ್ತಲ್ಲದಿದ್ದರೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ಬೇಕು. ತಾಲೂಕು ಆಸ್ಪತ್ರೆಯಿಂದಲೇ ಶುರು ಮಾಡಿ ಎನ್ನಲು ಇದೂ ಕಾರಣ. ಸಹಕಾರಿಗಳಿಗೆಂದು 2003ರಲ್ಲಿ ಶುರುವಾದ ಯಶಸ್ವಿನಿ 2018ರಲ್ಲಿ ನಿಂತು, 2022ರಲ್ಲಿ ಮರಳಿ ಬಂತು. ಆಗ ಹಳ್ಳಿಯ ನಾಲ್ಕು ಜನರ ಕುಟುಂಬಕ್ಕೆ ವಂತಿಗೆ 500 ರೂಪಾಯಿ ಇತ್ತು. ನೋಂದಣಿ ವರ್ಷದ ಕೆಲವು ತಿಂಗಳು ಮಾತ್ರ ತೆರೆದಿರುತ್ತದೆ, ಹೊಟ್ಟೆನೋವು ಬಂದ ಮೇಲೆ ಓಡಿದರೆ ಸಿಗುವುದಿಲ್ಲ. ಹಾಲಿನ ಸಂಘದ ಸದಸ್ಯತ್ವ ನಿಮ್ಮ ಹೆಸರಿನಲ್ಲಿದೆಯೋ ಯಜಮಾನರ ಹೆಸರಿನಲ್ಲಿದೆಯೋ ಎಂದು ಕಾರ್ಯದರ್ಶಿಯವರನ್ನು ಈಗಲೇ ಕೇಳಿಟ್ಟುಕೊಳ್ಳಿ.

ಯಾವ ಡಾಕ್ಟರ ಬಳಿ ಹೋದರೂ "ನಮ್ಮ ಮನೆಯಲ್ಲಿ ದನ ಇವೆ" ಎಂದು ಹೇಳಿ. ಅವರು ಕೇಳದಿದ್ದರೂ ಹೇಳಿ. ದನಗಳ ಮೂತ್ರದಿಂದಲೂ ಹರಡುವ ಇಲಿಜ್ವರ ಕಿಡ್ನಿಗೆ ಹೊಡೆತ ಕೊಡುತ್ತದೆ. ಕಂದು ಹಾಕಿದ ಆಕಳ ಮಾಸನ್ನು ಬರಿಗೈಯಲ್ಲಿ ಎತ್ತಿದವರಿಗೆ ಬ್ರೂಸೆಲ್ಲಾ ತಗಲಬಹುದು. ಗಂಡಸರಲ್ಲಿ ಅದು ವೃಷಣ ಬಾವಾಗಿಯೂ ಕಾಣಿಸಿಕೊಳ್ಳುತ್ತದೆ. ಇತ್ತೀಚೆಗೆ ಯಾವುದಾದರೂ ಆಕಳು ಕಂದು ಹಾಕಿದ್ದರೆ ಅದು ಎಂದು, ಯಾರು ಮುಟ್ಟಿದರು ಎಂಬುದನ್ನೂ ತಿಳಿಸಿ. ನಮಗೂ ಒಂದು ಫೋನ್ ಮಾಡಿ, ಆಕಳ ರಕ್ತ ಪರೀಕ್ಷೆಗೆ ವ್ಯವಸ್ಥೆ ಮಾಡುತ್ತೇವೆ.