ನೆಲದೊಳಗಣ ಸಿರಿ ತಲೆಗೆಷ್ಟು?

ಸಿರಾ ತಾಲ್ಲೂಕಿನ ಬುಕ್ಕಾಪಟ್ಟಣದ ಸುತ್ತಣ ಸೀಮೆಯನ್ನು ಮಳೆ ಕಡಮೆಯಾದ, ಕುರುಚಲು ಕಾಡಿನ ಬಡ ನೆಲವೆಂದು ಎಣಿಸುವುದು ರೂಢಿ. ಆದರೆ ಚಿತ್ರದುರ್ಗದಿಂದ ಚಿಕ್ಕನಾಯಕನಹಳ್ಳಿಯ ಕಡೆಗೆ ಹಬ್ಬಿರುವ ಅತಿ ಪುರಾತನವಾದ ಶಿಲಾಪಟ್ಟಿಯು ಈ ಸೀಮೆಯನ್ನು ಹಾದುಹೋಗುತ್ತದೆ. ಅದರಲ್ಲಿ ಕಬ್ಬಿಣವುಂಟು, ಮ್ಯಾಂಗನೀಸುಂಟು. ಅಜ್ಜನಹಳ್ಳಿಯ ಬಳಿಯ ಕಬ್ಬಿಣದ ಪಟ್ಟೆಗಲ್ಲುಗಳಲ್ಲಿ ಚಿನ್ನವೂ ಉಂಟು. ಹಟ್ಟಿ ಚಿನ್ನದ ಗಣಿ ಸಂಸ್ಥೆಯವರು ಅಲ್ಲಿ ಬಯಲುಗಣಿ ತೋಡಿ ಅದಿರನ್ನು ಸಾಗಿಸಿದ್ದಾರೆ. ಕಾಲಡಿಯಲ್ಲಿ ಚಿನ್ನವಿದ್ದ ಮೇಲೆ ಆ ನೆಲದ ಜನ ಸಿರಿವಂತರಲ್ಲವೆ ಎಂದು ಯಾರಾದರೂ ಕೇಳಿಯಾರು. ಇದಕ್ಕೆ ಉತ್ತರವನ್ನು ಅರಸುವ ಮುನ್ನ, ಎರಡು ದೇಶಗಳನ್ನು ಅಕ್ಕಪಕ್ಕದಲ್ಲಿಟ್ಟು ತೂಗಿ ನೋಡುವುದು ಉಪಯುಕ್ತವಾದೀತು.

ಕಡಿದ ಕಾಡು ಚಿಗುರೀತು, ಬತ್ತಿದ ಕೆರೆ ಮುಂದಿನ ಮಳೆಗೆ ತುಂಬೀತು. ಅಗೆದ ಅದಿರು ಮಾತ್ರ ಮನುಷ್ಯರ ಎಣಿಕೆಯ ಕಾಲದಲ್ಲಿ ಮತ್ತೆ ಬೆಳೆಯುವುದಿಲ್ಲ. ಇಂಥ ಸಂಪತ್ತನ್ನು ದೇಶದ ಜನಸಂಖ್ಯೆಯಿಂದ ಭಾಗಿಸಿದರೆ ಬರುವ ಲಬ್ಧವೇ ತಲಾ ಪಾಲು.

ಮೊದಲು ಕಲ್ಲಿದ್ದಲನ್ನು ನೋಡೋಣ. 2020ರ ಸುಮಾರಿನ ಲೆಕ್ಕದಂತೆ ಆಸ್ಟ್ರೇಲಿಯದ ಖಚಿತ ನಿಕ್ಷೇಪ ಸುಮಾರು 15,000 ಕೋಟಿ ಟನ್ನು; ಭಾರತದ್ದು ಸುಮಾರು 11,100 ಕೋಟಿ ಟನ್ನು. ಒಟ್ಟು ಮೊತ್ತದಲ್ಲಿ ಇವೆರಡರ ಅಂತರ ಅಷ್ಟೇನೂ ದೊಡ್ಡದಲ್ಲ. ಆದರೆ ಅಲ್ಲಿಯ ಜನ ಸುಮಾರು 2.6 ಕೋಟಿ, ಇಲ್ಲಿಯವರು ಸುಮಾರು 140 ಕೋಟಿ. ಭಾಗಿಸಿದಾಗ ಆಸ್ಟ್ರೇಲಿಯದವನ ಪಾಲಿಗೆ 5,700 ಟನ್ನಿಗೂ ಹೆಚ್ಚು, ಭಾರತೀಯನ ಪಾಲಿಗೆ 80 ಟನ್ನಿಗೂ ಕಡಮೆ ಬರುತ್ತದೆ. ಭೂಮಿಯು ನಮ್ಮ ವಿಷಯದಲ್ಲಿ ಜಿಪುಣತನ ತೋರಿತೆಂದು ಹೇಳುವಂತಿಲ್ಲ. ಒಂದೇ ಅಳತೆಯ ಕಣಜದ ಮುಂದೆ ಕುಳಿತವರ ಪಂಕ್ತಿ ನಮ್ಮಲ್ಲಿ ಬಹಳ ಉದ್ದವಾಗಿದೆ.

ಚಿನ್ನದ ಲೆಕ್ಕ ಇದಕ್ಕಿಂತಲೂ ಕಠಿನ. ಆಸ್ಟ್ರೇಲಿಯದ ನಿಕ್ಷೇಪವನ್ನು ಸ್ಥೂಲವಾಗಿ 10,000 ಟನ್ನೆಂದು ಹಿಡಿದರೆ ತಲೆಗೆ ಮೂವತ್ತು ತೊಲಕ್ಕೂ ಮೇಲಾಗುತ್ತದೆ. ಭಾರತದ ಖನಿಜಗಳ 2015ರ ಪಟ್ಟಿಯಲ್ಲಿ, ಲಾಭದಿಂದ ತೆಗೆಯಬಹುದಾದ ಚಿನ್ನವೆಂದು ಎಣಿಸಿದ್ದು ಸುಮಾರು 70 ಟನ್ನು. ಅದನ್ನು ಹಂಚಿದರೆ ನಮ್ಮಲ್ಲೊಬ್ಬನಿಗೆ ಅರ್ಧ ಗುಲಗಂಜಿಯ ತೂಕವೂ ಬರುವುದಿಲ್ಲ. ಆದರೆ ಅದೇ ಪಟ್ಟಿಯಲ್ಲಿ, ಇದೆಯೆಂದು ತಿಳಿದಿದ್ದರೂ ತೆಗೆದರೆ ಗಿಟ್ಟುವುದೆಂದು ಇನ್ನೂ ತೀರ್ಮಾನವಾಗದ ಚಿನ್ನವನ್ನೂ ಸೇರಿಸಿದರೆ, ಮೊತ್ತ ಸುಮಾರು 654 ಟನ್ನಿಗೆ ಏರಿ, ತಲಾ ಪಾಲು ಒಮ್ಮೆಲೆ ಒಂಬತ್ತು ಪಟ್ಟಾಗುತ್ತದೆ. ನೆಲದಲ್ಲಿ ಒಂದು ಕಣವೂ ಹೆಚ್ಚಿಲ್ಲ. ಎಣಿಸುವ ಕ್ರಮ ಬದಲಾಯಿತು, ಅಷ್ಟೆ. ಧಾರಣೆ ಏರಿದಾಗ ನಿನ್ನೆಯ ಬರಿಗಲ್ಲು ಇಂದು ಅದಿರೆನಿಸುತ್ತದೆ. ತೆಗೆಯುವ ವೆಚ್ಚ ಏರಿದಾಗ ಇಂದಿನ ಅದಿರು ನಾಳೆ ಬರಿಗಲ್ಲಾಗುತ್ತದೆ. ಆದುದರಿಂದ ತಲಾ ಸಂಪತ್ತಿನ ಅಂಕಿಯನ್ನು ಕಂಡಾಗ, ಅದನ್ನು ಯಾವ ಬೆಲೆಗೆ, ಯಾವ ವೆಚ್ಚಕ್ಕೆ ಕಟ್ಟಿದರೆಂದು ಕೇಳದೆ ನಂಬತಕ್ಕದ್ದಲ್ಲ.

ಇದಕ್ಕಿಂತ ಮುಖ್ಯವಾದ ಪಾಠವನ್ನು ನಮ್ಮ ಕೋಲಾರವೇ ಕಲಿಸಿದೆ. 1880ರಿಂದ 2001ರ ವರೆಗೆ, ಕೊನೆಕೊನೆಗೆ ಮೂರು ಸಾವಿರ ಮೀಟರಿಗೂ ಆಳಕ್ಕೆ ಇಳಿದು, ಅಲ್ಲಿ ತೆಗೆದ ಚಿನ್ನ ಸುಮಾರು 800 ಟನ್ನು. ಅದನ್ನು 2011ರ ಜನಗಣತಿಯ ಆರು ಕೋಟಿಗೆ ಮೇಲ್ಪಟ್ಟ ಕನ್ನಡನಾಡಿನ ಜನಕ್ಕೆ ಹಂಚಿದ್ದರೆ ಒಬ್ಬೊಬ್ಬರಿಗೆ ಒಂದು ತೊಲಕ್ಕಿಂತ ತುಸು ಹೆಚ್ಚು ದೊರೆಯುತ್ತಿತ್ತು. ನೂರಿಪ್ಪತ್ತು ವರ್ಷಗಳ ಬೆವರಿನ ತಲಾ ಫಲ ಇಷ್ಟೇ! ಆದರೆ ಆ ಗಣಿಗಳಿಗಾಗಿ 1902ರಲ್ಲಿ ಶಿವನಸಮುದ್ರದಿಂದ ತೊಂಬತ್ತು ಮೈಲಿಗೂ ಹೆಚ್ಚು ದೂರ ತಂತಿಯನ್ನೆಳೆದು ವಿದ್ಯುತ್ತನ್ನು ಒಯ್ದರು. 1905ರಲ್ಲಿ ಅದೇ ವಿದ್ಯುತ್ತು ಬೆಂಗಳೂರಿನ ಬೀದಿಗಳಲ್ಲಿ ಬೆಳಗಿತು. ಚಿನ್ನ ನಾಡನ್ನು ಬಿಟ್ಟು ಹೋಯಿತು; ಕಾವೇರಿಯ ನೀರಿನಿಂದ ಬೆಳಕನ್ನು ಪಡೆಯುವ ವಿದ್ಯೆ ನಾಡಿನಲ್ಲಿ ನೆಲೆಸಿತು. ಗಣಿಯ ಊರಿಗಾದರೋ ಉಳಿದದ್ದು ಸಯನೈಡ್ ಮಣ್ಣಿನ ದಿಬ್ಬಗಳು, ಮತ್ತು ಕೂಲಿಗಾಗಿ ಬೆಳಗಾಗುವ ಮುನ್ನ ಬೆಂಗಳೂರಿನ ರೈಲು ಹತ್ತುವ ಜನ. ಒಂದೇ ಸಂಪತ್ತು ಒಂದೆಡೆ ದೀಪವಾಯಿತು, ಇನ್ನೊಂದೆಡೆ ಧೂಳಾಯಿತು.

ಹೀಗೆ ಕರಗುವ ಆಸ್ತಿಯನ್ನು ಕರಗದ ಆಸ್ತಿಯನ್ನಾಗಿ ಮಾರ್ಪಡಿಸುವುದು ಬಹಳ ಹಿಂದೆಯೇ ಯೋಚಿಸಿ ಮಾಡಬೇಕಾದ ಕೆಲಸ. ನಾರ್ವೆ ದೇಶದವರು ಉತ್ತರ ಸಮುದ್ರದ ತೈಲದಿಂದ ಬರುವ ಹಣಕ್ಕಾಗಿ 1990ರಲ್ಲಿ ಶಾಸನ ಮಾಡಿ ಒಂದು ನಿಧಿಯನ್ನು ಕಟ್ಟಿದರು. ಅದರಿಂದ ವರ್ಷಕ್ಕೆ ಸರಾಸರಿ ನೂರಕ್ಕೆ ನಾಲ್ಕರಷ್ಟು ಮಾತ್ರ ಬಳಸಬೇಕೆಂದು 2001ರಲ್ಲಿ ನಿಯಮವಾಯಿತು; 2017ರಲ್ಲಿ ಅದನ್ನು ಮೂರಕ್ಕೆ ಇಳಿಸಿದರು. ಬೀಜದ ಭತ್ತವನ್ನು ಉಣ್ಣಬಾರದೆಂಬ ನಮ್ಮ ರೈತನ ವಿವೇಕವೇ ಇದು.

ನಮ್ಮ ದೇಶದಲ್ಲಿಯೂ 2015ರ ಗಣಿ ಶಾಸನದ ತಿದ್ದುಪಡಿಯು ಜಿಲ್ಲಾ ಖನಿಜ ಪ್ರತಿಷ್ಠಾನಗಳನ್ನು ಸ್ಥಾಪಿಸಲು ದಾರಿ ಮಾಡಿತು. ಗಣಿ ನಡೆಸುವವರು ರಾಜಧನದ ಜೊತೆಗೆ ಇನ್ನೊಂದಂಶವನ್ನು ಇಲ್ಲಿಗೆ ಸಲ್ಲಿಸಬೇಕು. ಕುಡಿಯುವ ನೀರು, ಆರೋಗ್ಯ, ವಿದ್ಯೆ ಮೊದಲಾದವಕ್ಕಾಗಿ ಅದು ಗಣಿಬಾಧಿತ ಜನರಿಗೆ ಸಲ್ಲಬೇಕು.

ಆದುದರಿಂದ ಬುಕ್ಕಾಪಟ್ಟಣದ ಸೀಮೆಯವರು ಕೇಳಬೇಕಾದುದು ನೆಲದಲ್ಲಿ ತಮ್ಮ ಪಾಲು ಎಷ್ಟು ಗುಲಗಂಜಿ ಎಂಬುದನ್ನಲ್ಲ. ಅದಿರು ಹೊರಟ ವರ್ಷ ಯಾವ ಹಳ್ಳಿಗೆ ಶುದ್ಧವಾದ ನೀರು ಬಂತು, ಯಾವ ಶಾಲೆಗೆ ಉಪಾಧ್ಯಾಯರು ಬಂದರು, ತೋಡಿದ ಹಳ್ಳವನ್ನು ಯಾರು ಮುಚ್ಚಿದರು ಎಂಬುದನ್ನು. 2019ರಲ್ಲಿ ಚಿಂಕಾರಗಳಿಗಾಗಿ ವನ್ಯಜೀವಿಧಾಮವೆಂದು ಘೋಷಿತವಾದ ಅಲ್ಲಿಯ ಕುರುಚಲು ಕಾಡು ಪ್ರತಿ ಮುಂಗಾರಿಗೂ ತಾನಾಗಿಯೇ ಚಿಗುರುತ್ತದೆ. ಅದರ ಅಡಿಯ ಚಿನ್ನ ಒಂದೇ ಒಂದು ಸಲ ಕೈಗೆ ಬರುವಂಥದು. ಆ ಒಂದು ಸಲದ ಲೆಕ್ಕವನ್ನು ಬರೆದಿಟ್ಟುಕೊಳ್ಳುವ ಹೊಣೆ ನಮ್ಮೆಲ್ಲರದು.