ಸೂಜಿ ತೆಗೆದ ಮೇಲೂ ನೋವೇಕೆ?

ವಿಷಮಜ್ವರದಿಂದ ಗುಣಹೊಂದಿದ ಯುವಕನೊಬ್ಬನು ಆಸ್ಪತ್ರೆಯಿಂದ ಮನೆಗೆ ಹಿಂದಿರುಗುತ್ತಾನೆ. ಜ್ವರ ಬಿಟ್ಟಿದೆ, ಹಸಿವು ಮರಳಿದೆ. ಆದರೆ ಗ್ಲೂಕೋಸ್ ಏರಿಸಿದ ಕೈಯನ್ನು ಮುಟ್ಟಿದರೆ ನೋವು. ಚರ್ಮದ ಮೇಲೊಂದು ಕೆಂಪು ಗೆರೆ. ಅದರ ಕೆಳಗೆ ಹುರಿಯಂತೆ ಗಟ್ಟಿಯಾದುದೊಂದು ಬೆರಳಿಗೆ ತಾಗುತ್ತದೆ. ರೋಗವನ್ನು ಕಳೆದ ಸೂಜಿಯೇ ಹೊಸ ರೋಗವನ್ನು ತಂದಿತೇ ಎಂದು ಮನೆಯವರು ಗಾಬರಿಗೊಳ್ಳುವುದು ಸಹಜ.

ಇದು ಅಭಿಧಮನಿಯ ಉರಿಯೂತ. ವೈದ್ಯರು ಇದನ್ನು 'ಫ್ಲೆಬೈಟಿಸ್' ಎನ್ನುವರು. ಇದು ಹೊಸ ಸಂಗತಿಯೇನೂ ಅಲ್ಲ. 1832ರಲ್ಲಿ ಸ್ಕಾಟ್ಲೆಂಡಿನ ಲೀತ್ ಪಟ್ಟಣದ ವೈದ್ಯ ಥಾಮಸ್ ಲ್ಯಾಟಾ, ಕಾಲರಾದಿಂದ ಸಾಯುವ ಸ್ಥಿತಿಯಲ್ಲಿದ್ದವರ ಅಭಿಧಮನಿಗಳಿಗೆ ಬೆಳ್ಳಿಯ ಕೊಳವೆಯ ಮೂಲಕ ಲವಣಜಲವನ್ನು ಹರಿಸಿದನು. ನಾಳವನ್ನು ಬಹು ನಯವಾಗಿ ನಡೆಸಿಕೊಳ್ಳಬೇಕೆಂದು ಅಂದೇ ಆತನು ಎಚ್ಚರಿಸಿದ್ದನು.

ಅಷ್ಟು ನಯವೇಕೆ? ರಕ್ತನಾಳದ ಒಳಮೈಗೆ ಒಂದೇ ಜೀವಕೋಶದಷ್ಟು ದಪ್ಪದ ಹಾಸು ಇದೆ. ಅದು ನುಣುಪಾಗಿರುವವರೆಗೆ ರಕ್ತವು ಹೆಪ್ಪುಗಟ್ಟದೆ ಹರಿಯುತ್ತದೆ. ಈ ಹಾಸನ್ನು ಕೆಣಕುವ ಕಾರಣಗಳು ಮುಖ್ಯವಾಗಿ ಮೂರು. ಮೊದಲನೆಯದು ತಿಕ್ಕಾಟ. ಇಂದು ಸೂಜಿಯನ್ನು ಹೊರಗೆಳೆದು, ಮೃದುವಾದ ಪ್ಲಾಸ್ಟಿಕ್ ಕೊಳವೆಯನ್ನು ಮಾತ್ರ ನಾಳದಲ್ಲಿ ಉಳಿಸುತ್ತಾರೆ. ಆದರೂ ಕೈ ಮಡಿಸಿದಾಗಲೆಲ್ಲ ಅದು ಒಳಗೋಡೆಯನ್ನು ಉಜ್ಜಬಹುದು. ಎರಡನೆಯದು ದ್ರವದ ಗುಣ. ಶೇಕಡಾ 0.9ರ ಲವಣಜಲದ ಸಾಂದ್ರತೆ ಹೆಚ್ಚುಕಡಿಮೆ ರಕ್ತದ್ರವದಷ್ಟೇ ಇರುವುದರಿಂದ ನಾಳವು ಅದನ್ನು ಸಹಿಸುತ್ತದೆ. ಶೇಕಡಾ 10ರ ಗ್ಲೂಕೋಸ್ ರಕ್ತದ್ರವದ ಒಂದೂವರೆ ಪಟ್ಟಿಗೂ ಮೀರಿ ಸಾಂದ್ರವಾದುದು. ಪೊಟಾಸಿಯಮ್ ಲವಣ ಮತ್ತು ಕೆಲವು ಔಷಧಗಳೂ ಉರಿ ತರುತ್ತವೆ. ಕೈಯ ಸಣ್ಣ ನಾಳದಲ್ಲಿ ಇವನ್ನು ತೆಳುಗೊಳಿಸಲು ಬೇಕಾದಷ್ಟು ರಕ್ತಪ್ರವಾಹವಿರುವುದಿಲ್ಲ. ಮೂರನೆಯದು, ಚರ್ಮದಿಂದ ಒಳನುಸುಳುವ ರೋಗಾಣುಗಳು.

ಹಾಸು ಕೆಡಿತೆಂದರೆ ದೇಹವು ಸುಮ್ಮನಿರದು. ಸುತ್ತಲಿನ ಕಿರುನಾಳಗಳು ಹಿಗ್ಗಿ ರಕ್ತವು ನುಗ್ಗುತ್ತದೆ. ಆದುದರಿಂದಲೇ ಕೆಂಪು ಮತ್ತು ಬಿಸಿ. ದ್ರವವು ಜಿನುಗಿ ಬಾವು ಬರುತ್ತದೆ. ಗಾಯಗೊಂಡ ಗೋಡೆಗೆ ರಕ್ತದ ಹೆಪ್ಪು ಅಂಟಿಕೊಳ್ಳಬಹುದು. ಬೆರಳಿಗೆ ತಾಗಿದ ಆ 'ಹುರಿ' ಹೀಗೆ ಬಿರುಸಾದ ನಾಳವೇ. ಕೊಳವೆಯನ್ನು ತೆಗೆದರೂ ದುರಸ್ತಿಯ ಕೆಲಸ ನಿಲ್ಲುವುದಿಲ್ಲ. ನೋವು ಉಳಿಯುವುದು ಅದಕ್ಕಾಗಿ.

ಬಹುಪಾಲು ಇದು ಕೆಲವು ದಿನಗಳಲ್ಲಿ ಶಮನವಾಗುತ್ತದೆ. ಗಡಸು ಕರಗಲು ವಾರಗಳೇ ಹಿಡಿಯಬಹುದು. ಕೈಯನ್ನು ದಿಂಬಿನ ಮೇಲೆ ಎತ್ತಿ ಇಡುವುದರಿಂದಲೂ, ಉಗುರುಬೆಚ್ಚಗಿನ ಒದ್ದೆಬಟ್ಟೆಯ ಶಾಖದಿಂದಲೂ ಹಿತವೆನಿಸುತ್ತದೆ. ಆ ಜಾಗವನ್ನು ನೀವಿ ತಿಕ್ಕಬಾರದು. ಚಳಿಜ್ವರ ಬಂದರೆ, ಕೀವು ಸುರಿದರೆ, ಕೆಂಪು ಗೆರೆ ಮೇಲೇರಿದರೆ, ಇಡೀ ತೋಳು ಊದಿಕೊಂಡರೆ ಅಥವಾ ಉಸಿರಾಟ ಕಷ್ಟವಾದರೆ ತಡಮಾಡದೆ ವೈದ್ಯರಲ್ಲಿಗೆ ಹೋಗಬೇಕು.

ಎಲ್ಲಕ್ಕಿಂತ ಮುಖ್ಯವಾದ ಮಾತು ಇನ್ನೊಂದಿದೆ. ಡ್ರಿಪ್ ಹನಿಯುತ್ತಿರುವಾಗಲೇ ಕೈ ಉರಿದರೆ ಅನೇಕರು ಹಲ್ಲುಕಚ್ಚಿ ಸಹಿಸುತ್ತಾರೆ. ದಾದಿಗೆ ತೊಂದರೆ ಕೊಡುವುದೇಕೆಂಬ ಸಂಕೋಚ ಅವರಿಗೆ. ಆದರೆ ಆ ಉರಿಯೇ ನಾಳದ ಮೊದಲ ದೂರು. ಆಗಲೇ ತಿಳಿಸಿದರೆ ಕೊಳವೆಯ ಜಾಗವನ್ನು ಬದಲಿಸಬಹುದು. ಹುರಿಗಟ್ಟುವ ಮೊದಲೇ ನಾಳವನ್ನು ಉಳಿಸಿಕೊಳ್ಳಬಹುದು. ಇಲ್ಲಿ ಸಹನೆಗಿಂತ ಸಕಾಲದ ಒಂದು ಮಾತೇ ಮೇಲು.